ಮೂವತ್ತೊಂದು ಅಜ್ಜಿಯರು

ಏಪ್ರಿಲ್ 11

ತಮ್ಮಾ,

ಮೌಲ್ಯಮಾಪನಕ್ಕೆಂದು ಇಲ್ಲಿಗೆ ಬಂದು ಇವತ್ತಿಗೆ ಆರು ದಿನ. ಯಾವುದೋ ಕಾಲೇಜಿನ ಪ್ರಯೋಗಾಲಯದಲ್ಲಿ ನಮ್ಮನ್ನು ಕೂರಿಸಿದ್ದಾರೆ. ಒರಗಲು ಬೆನ್ನಿಲ್ಲದ ಎತ್ತರದ ಸ್ಟೂಲು, ಮೇಜಿನ ನಡುವೆ ನೀರು ಬಾರದ ನಲ್ಲಿ. ದಿನಕ್ಕೆ ನಲವತ್ತು ಉತ್ತರಪತ್ರಿಕೆ ತಿದ್ದಬೇಕು. ಸೊಂಟ ಬಿದ್ದುಹೋಗಿದೆ. ಹೆಬ್ಬೆರಳಿಗೆ ಹತ್ತಿದ ಕೆಂಪು ಶಾಯಿ ಸೋಪು ಹಾಕಿ ತಿಕ್ಕಿದರೂ ಹೋಗುತ್ತಿಲ್ಲ. ನಿನ್ನ ಭಾವ ಅಲ್ಲಿ ತಾವೇ ಅಡುಗೆ ಮಾಡಿಕೊಂಡು, ಪಾತ್ರೆಗಳನ್ನು ನಾನು ಬಂದು ತೊಳೆಯಲಿ ಎಂದು ಜೋಪಾನವಾಗಿ ಕೂಡಿಡುತ್ತಿದ್ದಾರಂತೆ.

ನಿನ್ನನ್ನು ನಗಿಸುವಂಥ ಸಂಗತಿ ಒಂದಿದೆ. ಹೊರಗೆ ಹೇಳುವಂಥದ್ದಲ್ಲ, ನಿನ್ನ ಹೊಟ್ಟೆಯಲ್ಲೇ ಇಟ್ಟುಕೋ. ನಿನ್ನೆ ನನ್ನ ಪಾಲಿಗೆ ಒಂದು ಕಟ್ಟು ಬಂತು. ಶಾಲೆಯ ಹೆಸರು ಇರುವುದಿಲ್ಲ, ಬರೀ ಸಂಕೇತ ಸಂಖ್ಯೆ. ಪ್ರಬಂಧಕ್ಕೆ ಇಪ್ಪತ್ತು ಅಂಕ, ವಿಷಯ 'ಮರೆಯಲಾಗದ ದಿನ'. ಮೊದಲ ಪತ್ರಿಕೆ ಓದಿದಾಗ ನನ್ನ ಕಣ್ಣು ತೇವವಾಯಿತು. ಅಜ್ಜಿ ತೀರಿಕೊಂಡ ದಿನದ ವಿಷಯ. ಮಂಗಳವಾರ ಬೆಳಗ್ಗೆ ಅಜ್ಜಿ ಹೋದಳು, ಅವಳ ಕನ್ನಡಕ ಕಿಟಕಿಯಲ್ಲೇ ಇತ್ತು, ಅದನ್ನು ಮಡಚಿಡಲು ಮನೆಯಲ್ಲಿ ಯಾರಿಗೂ ಕೈ ಬರಲಿಲ್ಲ ಎಂದು ಬರೆದಿತ್ತು. ಹದಿನೆಂಟು ಕೊಟ್ಟೆ. ನಾನು ಹದಿನೆಂಟು ಕೊಡುವ ಪೈಕಿಯಲ್ಲ, ನಿನಗೇ ಗೊತ್ತು. ಎರಡನೆಯ ಪತ್ರಿಕೆಯಲ್ಲೂ ಅಜ್ಜಿ ಹೋದಳು. ಮಂಗಳವಾರವೇ. ಕನ್ನಡಕವೂ ಕಿಟಕಿಯಲ್ಲೇ. ಮೂರನೆಯದರಲ್ಲೂ ಅಷ್ಟೇ. ಒಟ್ಟು ಮೂವತ್ತೊಂದು ಮಕ್ಕಳ ಮೂವತ್ತೊಂದು ಅಜ್ಜಿಯರು ಮಾತಾಡಿಕೊಂಡವರ ಹಾಗೆ ಒಂದೇ ಮಂಗಳವಾರ ಕಣ್ಣು ಮುಚ್ಚಿದ್ದರು. ಒಂದು ಪತ್ರಿಕೆಯ ಅಕ್ಷರವಂತೂ ಸಾಸಿವೆ ಕಾಳಿನಷ್ಟು. ಪಕ್ಕದವರ ಭೂತಗನ್ನಡಿ ಇಸಿದುಕೊಂಡು ಓದಿದೆ. ಅಲ್ಲಿಯೂ ಅದೇ ಅಜ್ಜಿ, ಅದೇ ಕಿಟಕಿ.

ಮೊದಲನೆಯದಕ್ಕೆ ಕೊಟ್ಟ ಹದಿನೆಂಟನ್ನು ಹೊಡೆದುಹಾಕಿ, 'ಸಾಮೂಹಿಕ ನಕಲು' ಎಂದು ವರದಿ ಬರೆದು ಇಡೀ ಕಟ್ಟನ್ನು ಮೇಲಕ್ಕೆ ಕಳಿಸಿದೆ. ನನ್ನನ್ನು ಸುಮ್ಮಸುಮ್ಮನೆ ಅಳಿಸಿದರಲ್ಲ ಎಂದು ಸಿಟ್ಟು ಬಂತು ಅಂತಲೇ ಇಟ್ಟುಕೋ. ಆ ಮೇಷ್ಟ್ರು ಯಾರೋ, ಕೈಗೆ ಸಿಕ್ಕಿದರೆ ಕಿವಿ ಹಿಂಡುತ್ತಿದ್ದೆ.

ನಿನ್ನ ಮಕ್ಕಳು ಈ ಸಲ ಹೇಗೆ ಬರೆದಿದ್ದಾರೆ? ಹೋದ ವರ್ಷದ ಹಾಗೆ ಆಗದಿದ್ದರೆ ಸಾಕು.

ನಿನ್ನ ಅಕ್ಕ


ಏಪ್ರಿಲ್ 17

ಅಕ್ಕಾ,

ನಿನ್ನ ಕಾಗದ ಬಂತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಕ್ಕಳು ತಕ್ಕಮಟ್ಟಿಗೆ ಬರೆದಿದ್ದಾರೆ ಎಂದು ಕಾಣುತ್ತದೆ.

ನೀನು ಬರೆದ ಕಟ್ಟಿನ ವಿಷಯ ಓದಿ ನಕ್ಕೆ. ಸುಮ್ಮನೆ ಕೇಳುತ್ತೇನೆ, ಅಂಥ ಕಟ್ಟನ್ನು ಮೇಲಕ್ಕೆ ಕಳಿಸಿದರೆ ಮುಂದೆ ಏನಾಗುತ್ತದೆ? ವರದಿಯನ್ನು ವಾಪಸು ತೆಗೆದುಕೊಳ್ಳಲು ಬರುತ್ತದೆಯೇ? ಯಾವ ಶಾಲೆ ಎಂದು ನಿಮಗೆ ಆಮೇಲಾದರೂ ಗೊತ್ತಾಗುತ್ತದೆಯೇ? ಇಲ್ಲಿ ಸ್ಟಾಫ್ ರೂಮಿನಲ್ಲಿ ಇಂಥದೇ ಮಾತು ಬಂದಿತ್ತು, ಅದಕ್ಕೆ ಸುಮ್ಮನೆ ಕೇಳಿದೆ.

ಇನ್ನೊಂದು. ಅವರು ನಕಲು ಮಾಡಿಲ್ಲದೆಯೂ ಇರಬಹುದಲ್ಲ. ಒಟ್ಟಿಗೆ ಕಲಿತ ಮಕ್ಕಳು ಒಂದೇ ರೀತಿ ಬರೆದಿರಬಹುದು. ನಿನ್ನ ಜೊತೆ ವಾದಕ್ಕೆ ನಿಂತೆ ಎಂದುಕೊಳ್ಳಬೇಡ. ಸುಮ್ಮನೆ ಹೊಳೆಯಿತು.

ತಮ್ಮ


ಏಪ್ರಿಲ್ 22

ತಮ್ಮಾ,

ನಿನ್ನ ಕಾಗದವನ್ನು ತಿದ್ದಿ ಇದರ ಜೊತೆಗಿಟ್ಟಿದ್ದೇನೆ, ಹಾಸ್ಟೆಲಿನಿಂದ ನೀನು ಬರೆಯುತ್ತಿದ್ದ ಕಾಲದಲ್ಲಿ ಮಾಡುತ್ತಿದ್ದ ಹಾಗೆ. ಅರ್ಧ ಪುಟದಲ್ಲಿ 'ಸುಮ್ಮನೆ' ಮೂರು ಕಡೆ ಬಂದಿದೆ. ಮೂರಕ್ಕೂ ಗೆರೆ ಎಳೆದಿದ್ದೇನೆ. ಸುಮ್ಮನೆ ಕೇಳುವವನು ಒಂದು ಸಲ ಕೇಳಿ ಮರೆಯುತ್ತಾನೆ. ಏನೋ ನಡೆದಿದೆ ಅಲ್ಲಿ. ಹೆಂಡತಿ ಜೊತೆ ಜಗಳವೋ? ಹೆಡ್‌ಮಾಸ್ಟರ್ ಮತ್ತೆ ಎಲ್ಲರೆದುರು ಬೈದರೋ? ಮುಚ್ಚಿಟ್ಟರೆ ನಿನಗೆ ಹೊಟ್ಟೆನೋವು ಬರುತ್ತದೆ, ಚಿಕ್ಕಂದಿನಿಂದ ನೋಡಿದ್ದೇನೆ.

ಕೇಳಿದ್ದಕ್ಕೆ ಉತ್ತರ. ಒಮ್ಮೆ ಕಳಿಸಿದ ವರದಿಯನ್ನು ವಾಪಸು ಪಡೆಯಲು ಬರುವುದಿಲ್ಲ. ಪರೀಕ್ಷಾ ಮಂಡಳಿಯವರು ಸಂಕೇತ ಬಿಡಿಸಿ ಶಾಲೆ ಯಾವುದೆಂದು ನೋಡಿ ನೋಟಿಸ್ ಕಳಿಸುತ್ತಾರೆ, ಫಲಿತಾಂಶ ತಡೆಹಿಡಿಯುತ್ತಾರೆ. ನಕಲು ಎಂದು ಖಾತ್ರಿಯಾದರೆ ಇಡೀ ತರಗತಿಯ ಪರೀಕ್ಷೆ ರದ್ದು, ಮಕ್ಕಳಿಗೆ ಒಂದು ವರ್ಷ ಹೋಯಿತು. ಮೇಷ್ಟ್ರು ಅಮಾನತು. ನಮಗೆ ಶಾಲೆಯ ಹೆಸರು ಹೇಳುವುದಿಲ್ಲ, ನಾನು ಕೇಳಿಯೂ ಇಲ್ಲ.

ಒಟ್ಟಿಗೆ ಕಲಿತವರು ಒಂದೇ ರೀತಿ ಬರೆಯುತ್ತಾರೆ ಎಂದೆಯಲ್ಲ, ಅದು ಲೆಕ್ಕದಲ್ಲಿ ಸರಿ. ಎರಡಕ್ಕೆ ಎರಡು ಸೇರಿದರೆ ಎಲ್ಲರಿಗೂ ನಾಲ್ಕೇ ಬರಬೇಕು. ಪ್ರಬಂಧದಲ್ಲಿ ಮೂವತ್ತೊಂದು ಮಂದಿಗೂ ನಾಲ್ಕೇ ಬಂದರೆ ಅಲ್ಲಿ ಯಾರೂ ಬರೆದಿಲ್ಲ, ಯಾರೋ ಒಬ್ಬರು ಬರೆಸಿದ್ದಾರೆ. ಮೂವತ್ತಾರು ವರ್ಷ ಇದನ್ನೇ ಮಾಡಿಕೊಂಡು ಬಂದವಳಿಗೆ ಅಷ್ಟೂ ತಿಳಿಯದೇ?

ಬೇಗ ಬರಿ. ಸುಮ್ಮನೆ ಅಲ್ಲ, ವಿಷಯ ಬರಿ.

ಅಕ್ಕ


ಮೇ 3

ಅಕ್ಕಾ,

ಆ ಮೇಷ್ಟ್ರು ನಾನೇ.

ನಿನ್ನ ಮೊದಲ ಕಾಗದ ಬಂದ ದಿನವೇ ಗೊತ್ತಾಗಿತ್ತು. ಗೇಟಿನ ಹತ್ತಿರ ನಿಂತು ಓದಿದೆ, ಕನ್ನಡಕದ ವಾಕ್ಯವನ್ನು ಮೂರು ಸಲ ಓದಿದೆ. ಹದಿನೈದು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೇನೆ. ಬೇರೆ ಯಾವುದಾದರೂ ಶಾಲೆಯಲ್ಲೂ ಹೀಗೇ ಆಗಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ನಿನ್ನೆ ಮಂಡಳಿಯ ನೋಟಿಸ್ ಬಂತು. ಹೆಡ್‌ಮಾಸ್ಟರ್ ನಿಂತುಕೊಂಡೇ ಓದಿದರು. ಓದಿ ಮುಗಿಸಿ ನನ್ನ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡಿ "ನೀವೇ ಏನಾದ್ರೂ ಮಾಡ್ಕೊಳ್ಳಿ" ಅಂದರು.

ಹೋದ ವರ್ಷ ಮೂವತ್ತಮೂರರಲ್ಲಿ ಹತ್ತೊಂಬತ್ತು ಮಕ್ಕಳು ಭಾಷೆಯ ಪತ್ರಿಕೆಯಲ್ಲೇ ಫೇಲಾದದ್ದು ನಿನಗೆ ಗೊತ್ತಿದೆ. ಪ್ರಬಂಧದ ಜಾಗವನ್ನು ಖಾಲಿ ಬಿಟ್ಟು ಬಂದಿದ್ದರು. 'ಏನು ಬರೀಬೇಕು ಸಾರ್, ನಮ್ ಹತ್ರ ಏನಿದೆ' ಅನ್ನುತ್ತಿದ್ದರು. ಅದಕ್ಕೇ ನವೆಂಬರಿನಲ್ಲಿ ಒಂದು ಕೆಲಸ ಮಾಡಿದೆ. ಎಲ್ಲರೂ ಸೇರಿ ಒಂದು ಪ್ರಬಂಧ ಕಟ್ಟೋಣ, ಒಬ್ಬೊಬ್ಬರೂ ಒಂದೊಂದು ವಾಕ್ಯ ಕೊಡಿ, ನಾನು ಹಲಗೆಯ ಮೇಲೆ ಬರೆಯುತ್ತೇನೆ ಎಂದೆ. ಮೂರು ಪೀರಿಯಡ್ ಹಿಡಿಯಿತು. ಯಾವತ್ತೂ ಬಾಯಿ ಬಿಡದವರು ಬಾಯಿ ಬಿಟ್ಟರು. ಮಂಗಳವಾರವೋ ಬುಧವಾರವೋ ಎಂದು ಹಿಂದಿನ ಬೆಂಚಿನ ಇಬ್ಬರು ಹೊಡೆದಾಟಕ್ಕೆ ನಿಂತರು. ಕನ್ನಡಕದ ವಾಕ್ಯ ಕೊಟ್ಟವಳು ಸಣ್ಣಕ್ಷರ. ಸಾಸಿವೆ ಕಾಳಿನಷ್ಟು ಎಂದು ನೀನು ಬರೆದಿದ್ದೆಯಲ್ಲ, ಅವಳೇ. ನೋಟುಬುಕ್ಕು ಬೇಗ ಮುಗಿಯಬಾರದು ಎಂದು ಹಾಗೆ ಬರೆದು ರೂಢಿಯಾಗಿದೆ, ಸಹಪಾಠಿಗಳು ಅವಳನ್ನು ಕರೆಯುವುದೇ ಹಾಗೆ. ಪರೀಕ್ಷೆಯಲ್ಲಿ ಆ ಪ್ರಬಂಧಕ್ಕೆ ಒಪ್ಪುವ ವಿಷಯವೇ ಬಂತು. ಮಕ್ಕಳಿಗೆ ಅದು ತಮ್ಮದೇ ಎಂಬ ಭಾವನೆ ಇತ್ತು, ಬರೆದರು. ಇಷ್ಟೇ ನಡೆದದ್ದು.

ಸಣ್ಣಕ್ಷರಕ್ಕೆ ನರ್ಸಿಂಗ್ ತರಬೇತಿಗೆ ಸೀಟು ಸಿಕ್ಕಿದೆ. ಜೂನ್ ಕೊನೆಯೊಳಗೆ ಪಾಸಾದ ಅಂಕಪಟ್ಟಿ ತೋರಿಸಬೇಕು. ತೋರಿಸದಿದ್ದರೆ ಜುಲೈಯಿಂದ ಊರಾಚೆಯ ಪ್ಯಾಕಿಂಗ್ ಶೆಡ್ಡು, ಚಿಕ್ಕಪ್ಪ ಮಾತಾಡಿ ಇಟ್ಟಿದ್ದಾನೆ. ಇಂಥವರು ಇನ್ನೂ ಐದು ಜನ ಇದ್ದಾರೆ. ಇನ್ನೊಂದು ವರ್ಷ ಯಾರೂ ಅವರನ್ನು ಶಾಲೆಗೆ ಕಳಿಸುವುದಿಲ್ಲ.

ಮೊದಲ ಪತ್ರಿಕೆ ಓದಿ ಕಣ್ಣು ತೇವವಾಯಿತು ಎಂದು ನೀನೇ ಬರೆದಿದ್ದೆ. ಎರಡನೆಯದು ಓದಿದ ಮೇಲೆ ಮೊದಲನೆಯದು ಸುಳ್ಳಾಗಿಬಿಟ್ಟಿತೇ? ನೀನು ನನ್ನ ಮಕ್ಕಳನ್ನು ಓದಲಿಲ್ಲ ಅಕ್ಕಾ, ಎಣಿಸಿದೆ. ನನಗೆ ನಿನ್ನ ಮೇಲೆ ತುಂಬಾ ಸಿಟ್ಟಿದೆ. ಆದರೂ ಕೇಳಲು ಬೇರೆ ಯಾರೂ ಇಲ್ಲ. ಏನು ಮಾಡಲಿ?

ತಮ್ಮ


ಮೇ 8

ತಮ್ಮಾ,

ಮೊದಲು ನನ್ನ ಏಪ್ರಿಲ್ 11ರ ಕಾಗದವನ್ನು ಸುಟ್ಟುಹಾಕು. ಮೌಲ್ಯಮಾಪನದ ವಿಷಯ ಹೊರಗೆ ಬರೆದದ್ದೇ ಅಪರಾಧ, ಅದೂ ಆ ಮಕ್ಕಳ ಮೇಷ್ಟ್ರಿಗೇ, ಅದೂ ಒಡಹುಟ್ಟಿದವನಿಗೆ. ನಾನು ಬೇಕೆಂದು ಮಾಡಲಿಲ್ಲ ಎಂದರೆ ಯಾರು ನಂಬುತ್ತಾರೆ? ನನಗೆ ನಿವೃತ್ತಿಗೆ ಎರಡು ವರ್ಷ ಇದೆ.

ನಿನ್ನ ಕಾಗದ ಬಂದಾಗ ಒಲೆಯ ಮೇಲೆ ಹಾಲಿತ್ತು. ಉಕ್ಕಿ ಹೋಯಿತು. ನಿನ್ನ ಭಾವ "ಏನಾಯ್ತೇ" ಎಂದು ಕೇಳಿದರು. "ತಮ್ಮನ ಕಾಗದ, ಎಲ್ಲಾ ಕ್ಷೇಮ" ಎಂದೆ. ನನ್ನ ಗಂಡನಿಗೆ ಸುಳ್ಳು ಹೇಳಿ ಎಷ್ಟೋ ವರ್ಷವಾಗಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಮಂಡಳಿಯಿಂದ ನನಗೂ ಪತ್ರ ಬಂದಿದೆ. ಮೇ 24ರಂದು ನಿನ್ನ ಮೂವತ್ತೊಂದು ಮಕ್ಕಳನ್ನು ಬೇರೆ ಬೇರೆ ಕೂರಿಸಿ, ಅಧಿಕಾರಿಯೊಬ್ಬರ ಎದುರು ಹೊಸ ಪ್ರಬಂಧ ಬರೆಸುತ್ತಾರೆ. ತಾವಾಗಿ ಬರೆಯಬಲ್ಲರು ಎಂದು ಕಂಡರೆ ಫಲಿತಾಂಶ ಬಿಡುತ್ತಾರೆ, ಇಲ್ಲವಾದರೆ ರದ್ದು. ವಿಷಯ ಕೊಡಬೇಕಾದವಳು, ಓದಿ ಅಭಿಪ್ರಾಯ ಬರೆಯಬೇಕಾದವಳು ವರದಿ ಕೊಟ್ಟವಳೇ. ನಿಯಮ ಹಾಗಿದೆ. ಈ ಶಾಲೆಯಲ್ಲಿ ನನ್ನ ಸಂಬಂಧಿಕರು ಯಾರೂ ಇಲ್ಲ ಎಂದು ಸಹಿ ಮಾಡುವ ಒಂದು ಸಾಲೂ ಇದೆ. ಸಹಿ ಮಾಡಿ ಕಳಿಸಿದೆ. ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದು ಹೇಳಿದರೆ ಆ ಕಾಗದದ ತನಕ ಹೋಗುತ್ತದೆ.

ವಿಷಯ ಏನೆಂದು ನನ್ನನ್ನು ಕೇಳಬೇಡ.

ಹದಿನಾರು ದಿನ ಇದೆ. ಹಲಗೆಯನ್ನು ಮುಟ್ಟಬೇಡ, ಸೀಮೆಸುಣ್ಣವನ್ನು ಬೀರುವಿನಲ್ಲಿಟ್ಟು ಬೀಗ ಹಾಕು. ಪ್ರತಿಯೊಬ್ಬರೂ ತಾವು ಮಾತ್ರ ಕಂಡದ್ದನ್ನು ಬರೆಯಲಿ. ಬರೆದಾದ ಮೇಲೆ ಒಂದೊಂದು ವಾಕ್ಯವನ್ನೂ ನೋಡಿಕೊಂಡು, ಇದನ್ನು ಪಕ್ಕದ ಬೆಂಚಿನವರೂ ಬರೆಯಬಹುದಿತ್ತೇ ಎಂದು ತಾವೇ ಕೇಳಿಕೊಳ್ಳಲಿ. ಬರೆಯಬಹುದಿತ್ತು ಅನ್ನಿಸಿದರೆ ಹೊಡೆದುಹಾಕಲಿ. ಮೊದಮೊದಲು ಪುಟದಲ್ಲಿ ಏನೂ ಉಳಿಯುವುದಿಲ್ಲ. ಹೆದರಬೇಡ, ಅವರನ್ನೂ ಹೆದರಿಸಬೇಡ. ನೀನು ಒಂದು ವಾಕ್ಯವನ್ನೂ ಕೊಡಬೇಡ. ನಿನಗೆ ಕೈ ತುರಿಸುತ್ತದೆ, ಗೊತ್ತು.

ಇನ್ನು ನನ್ನದು ಒಂದೇ ಪ್ರಶ್ನೆ. ಅದಕ್ಕೆ ನೇರವಾಗಿ ಉತ್ತರ ಬರಿ. ಅದನ್ನು ಬಾಯಿಪಾಠ ಮಾಡಿಸಿದೆಯಾ?

ಅಕ್ಕ


ಮೇ 14

ಅಕ್ಕಾ,

ಬಾಯಿಪಾಠ ಮಾಡಿಸಿಲ್ಲ. ಮಕ್ಕಳಿಗೆ ಅದು ತಾನಾಗಿಯೇ ನೆನಪಿನಲ್ಲಿ ಉಳಿದಿತ್ತು. ನೀನು ನಂಬಬೇಕು.

ರಜೆ ಇದ್ದರೂ ಎಲ್ಲರೂ ಬರುತ್ತಿದ್ದಾರೆ. ಮೊದಲ ದಿನ 'ನಿನ್ನೆ' ಎಂದು ಬರೆಯಲು ಹೇಳಿದೆ. ಮೂವತ್ತೊಂದು ಜನವೂ ಬೆಳಗ್ಗೆ ಎದ್ದು ಹಲ್ಲುಜ್ಜಿದರು. ನೀನು ಹೇಳಿದ ಹಾಗೆ ಹೊಡೆದುಹಾಕಿಸಿದೆ. ಪುಟಗಳೆಲ್ಲ ಖಾಲಿಯಾದವು. ಒಬ್ಬಳು ಅತ್ತಳು. ಅವಳಿಗೆ ಒಂದು ವಾಕ್ಯ ಹೇಳಿಕೊಡೋಣ ಎಂದು ಬಾಯಿಯ ತನಕ ಬಂತು, ನುಂಗಿಕೊಂಡು ಹೊರಗೆ ಹೋಗಿ ನೀರು ಕುಡಿದು ಬಂದೆ.

ನಾಲ್ಕನೆಯ ದಿನ ಬಸ್ ಡ್ರೈವರನ ಮಗ ಎದ್ದು ನಿಂತು ಓದಿದ: 'ಅಪ್ಪ ಮನೆಗೆ ಬಂದ ತಕ್ಷಣ ಹೊಸ್ತಿಲ ಮೇಲೆ ಕೂತು ಎಡಗಾಲನ್ನು ಮಾತ್ರ ಒತ್ತಿಕೊಳ್ಳುತ್ತಾನೆ. ಅದು ಕ್ಲಚ್ಚಿನ ಕಾಲು.' ಪಕ್ಕದವನು "ಇದನ್ನ ನಾನು ಬರ್ಯಕ್ಕಾಗ್ತಿರ್ಲಿಲ್ಲ ಸಾರ್, ನಮ್ಮಪ್ಪ ಟೈಲರ್ರು" ಅಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಆ ಎರಡು ಸಾಲನ್ನು ನನ್ನ ಡೈರಿಗೆ ಬರೆದುಕೊಂಡೆ. ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಇಂಥ ಎರಡು ಸಾಲು ಯಾರ ಕೈಯಿಂದಲೂ ತೆಗೆಸಿರಲಿಲ್ಲ. ನಿನ್ನ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಸಣ್ಣಕ್ಷರ ಮಾತ್ರ ಬರೆಯುತ್ತಿಲ್ಲ. ಬಂದು ಕೂರುತ್ತಾಳೆ, ಪೆನ್ನಿನ ಮುಚ್ಚಳ ತೆಗೆಯುತ್ತಾಳೆ, ಹಾಕುತ್ತಾಳೆ. ನಿನ್ನೆ ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ನಿಂತಳು. "ಸಾರ್, ನಿಜ ಬರೆದ್ರೆ ಯಾರಿಗಾದ್ರೂ ತೊಂದ್ರೆ ಆಗುತ್ತೆ ಅಂದ್ರೆ?" ಎಂದು ಕೇಳಿದಳು. ಮನೆಯ ಸಂಗತಿ ಏನೋ ಇರಬೇಕು, ಆ ಚಿಕ್ಕಪ್ಪ ಅಷ್ಟು ಒಳ್ಳೆಯವನಲ್ಲ ಎಂದು ಕೇಳಿದ್ದೇನೆ. "ಯಾರಿಗೂ ಏನೂ ಆಗಲ್ಲ, ಧೈರ್ಯವಾಗಿ ಬರಿ" ಎಂದು ಕಳಿಸಿದೆ. ಅವಳು ಬರೆಯದೇ ಹೋದರೆ ಏನು ಗತಿ ಎಂಬುದೇ ನನ್ನ ಚಿಂತೆ.

ಬೇಗ ಉತ್ತರ ಬರಿ.

ತಮ್ಮ


ಮೇ 18

ಅಕ್ಕಾ,

ಉತ್ತರ ಬಂದಿಲ್ಲ. ಇನ್ನು ಆರು ದಿನ ಇದೆ. ಹದಿನೆಂಟು ಮಕ್ಕಳು ಬರೆಯಬಲ್ಲರು. ಏಳು ಜನ ಅರ್ಧ ಪುಟಕ್ಕೆ ಬಂದು ನಿಲ್ಲುತ್ತಾರೆ. ಉಳಿದ ಆರು ಮಂದಿ ಖಾಲಿ, ಸಣ್ಣಕ್ಷರವೂ ಅವರಲ್ಲೇ. ಇಷ್ಟರಲ್ಲಿ ಆಗುವುದಿಲ್ಲ.

ವಿಷಯ ಏನೆಂದು ಹೇಳು. ಒಂದು ಪದ ಸಾಕು. ನಾನು ಅವರಿಗೆ ಬರೆದುಕೊಡುವುದಿಲ್ಲ, ಆ ಕಡೆಗೆ ಅವರ ಮನಸ್ಸನ್ನು ತಿರುಗಿಸುತ್ತೇನೆ, ಅಷ್ಟೇ. ಈ ಮಕ್ಕಳನ್ನು ಇಲ್ಲಿಗೆ ತಂದು ನಿಲ್ಲಿಸಿದವಳು ನೀನು.

ನಿನ್ನ ಏಪ್ರಿಲ್ 11ರ ಕಾಗದವನ್ನು ನಾನು ಇನ್ನೂ ಸುಟ್ಟಿಲ್ಲ.

ತಮ್ಮ


ಮೇ 25

ಅಕ್ಕಾ,

ನೀನು ಬರೆಯಲೇ ಇಲ್ಲ. ಒಳ್ಳೆಯದೇ ಆಯಿತು. ಹೋದ ಕಾಗದದ ಕೊನೆಯ ಸಾಲನ್ನು ಅಂಚೆ ಡಬ್ಬಿಗೆ ಹಾಕಿದ ಮರುಗಳಿಗೆಯೇ ನನಗೆ ಹೇಸಿಗೆಯಾಯಿತು. ಡಬ್ಬಿಯ ಬಾಯಿಗೆ ಕೈ ತೂರಿಸಿ ನೋಡಿದೆ, ದಾರಿಯಲ್ಲಿ ಹೋಗುವವರು ಕಳ್ಳನನ್ನು ನೋಡಿದ ಹಾಗೆ ನೋಡಿದರು. ನಿನ್ನ ಏಪ್ರಿಲಿನ ಕಾಗದವನ್ನು ಅವತ್ತೇ ಒಲೆಗೆ ಹಾಕಿದೆ. "ಅತ್ತಿಗೆ ಕಾಗದ ಯಾಕ್ರೀ ಸುಡ್ತಿದ್ದೀರ" ಎಂದು ನನ್ನ ಹೆಂಡತಿ ಕೇಳಿದಳು. ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ, ಪಕ್ಕದಲ್ಲಿ ಕೂತಳು, ಅದು ಬೈಗುಳಕ್ಕಿಂತ ಕಷ್ಟವಾಯಿತು. ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ, ಕ್ಷಮಿಸು.

ನಿನ್ನೆ ಬರವಣಿಗೆ ನಡೆಯಿತು. ನನ್ನನ್ನು ಗೇಟಿನ ಹೊರಗೆ ನಿಲ್ಲಿಸಿದ್ದರು. ಮೂರು ಕೋಣೆಗಳಲ್ಲಿ ಹತ್ತು ಹನ್ನೊಂದು ಮಕ್ಕಳಂತೆ ಕೂರಿಸಿದ್ದರು. ಹೆತ್ತವರು ಕಾಂಪೌಂಡಿನುದ್ದಕ್ಕೂ ನಿಂತಿದ್ದರು, ಯಾರೂ ನನ್ನ ಜೊತೆ ಮಾತಾಡಲಿಲ್ಲ. ಎರಡು ಗಂಟೆ ಆದ ಮೇಲೆ ಮಕ್ಕಳು ಹೊರಗೆ ಬಂದರು. ವಿಷಯ 'ಕಣ್ಣಾರೆ ಕಂಡದ್ದು' ಅಂತೆ. 'ತಾವು ಮಾತ್ರ ಕಂಡದ್ದನ್ನು ಬರೆಯಲಿ' ಎಂದು ಅದನ್ನೇ ಅಲ್ಲವೇ ನೀನು ಮೇ 8ರಂದೇ ನನಗೆ ಹೇಳಿದ್ದು, ನನಗೆ ಹೊಳೆಯಲಿಲ್ಲ.

ಎಲ್ಲರೂ ಬರೆದಿದ್ದಾರೆ. ಕಡಿಮೆ ಎಂದರೆ ಮುಕ್ಕಾಲು ಪುಟ. ಸಣ್ಣಕ್ಷರ ಕೊನೆಯಲ್ಲಿ ಬಂದಳು. ಅವಳೊಬ್ಬಳೇ ಇನ್ನೊಂದು ಹಾಳೆ ಕೇಳಿ ಇಸಿದುಕೊಂಡಳಂತೆ. "ಬರೆದ್ಯಾ?" ಎಂದೆ. ತಲೆಯಾಡಿಸಿದಳು, ನನ್ನ ಮುಖ ನೋಡದೆ ಹೋದಳು. ದಣಿದಿದ್ದಳು, ಪಾಪ. ನನಗೆ ಸಂತೋಷಕ್ಕೆ ಏನು ಮಾಡಬೇಕೆಂದು ತೋಚಲಿಲ್ಲ.

ಇನ್ನು ನಿನ್ನ ಕೈಯಲ್ಲಿದೆ. ಎಣಿಸಬೇಡ, ಓದು.

ತಮ್ಮ


ಜೂನ್ 2

ತಮ್ಮಾ,

ಮೇ 18ರ ಕಾಗದಕ್ಕೆ ನಾನು ಉತ್ತರ ಬರೆದಿದ್ದೆ. ಒಂದು ಚೀಟಿಯಲ್ಲಿ ಎರಡೇ ಪದ. ಲಕೋಟೆಗೆ ಹಾಕಿ ಅಂಟಿಸಿ, ಸ್ಟಾಂಪು ಹಚ್ಚಿ, ಅಂಚೆ ಕಚೇರಿಯ ತನಕ ಹೋದೆ. ನಿನ್ನ ಬೆದರಿಕೆಗೆ ಹೆದರಿ ಹೋದೆನೋ, ನಿನ್ನ ಮೇಲಿನ ಪ್ರೀತಿಗೆ ಹೋದೆನೋ ನನಗೇ ತಿಳಿಯಲಿಲ್ಲ. ಅದು ತಿಳಿಯದೆ ಹಾಕಬಾರದು ಎಂದು ವಾಪಸು ಬಂದೆ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಇನ್ನೊಂದು ದಿನ ಕಾಲಾವಕಾಶ ಇದ್ದಿದ್ದರೆ ಹಾಕಿಬಿಡುತ್ತಿದ್ದೆ.

ಮೂವತ್ತೊಂದನ್ನೂ ಓದಿದೆ. ಕ್ಲಚ್ಚಿನ ಹುಡುಗನಿಗೆ ಹದಿನೈದು. ಟೈಲರನ ಮಗ ಅಪ್ಪ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಯ ಜೊತೆ ಮಾತಾಡುವುದನ್ನು ಬರೆದಿದ್ದಾನೆ, ಚೆನ್ನಾಗಿದೆ. ಆರು ಜನ ಕುಂಟುತ್ತಾರೆ, ಆದರೆ ತಮ್ಮ ಕಾಲಿನಲ್ಲೇ ಕುಂಟುತ್ತಾರೆ. ಯಾವ ಎರಡು ಪುಟವೂ ಒಂದರಂತೆ ಇನ್ನೊಂದಿಲ್ಲ.

ಸಣ್ಣಕ್ಷರದ್ದನ್ನು ಕೊನೆಗೆ ಓದಿದೆ. ಅದನ್ನು ನಿನಗಾಗಿ ನಕಲು ಮಾಡುತ್ತಿದ್ದೇನೆ. ನಿಯಮಕ್ಕೆ ವಿರುದ್ಧ, ಆದರೆ ಈಗ ಅದೂ ಒಂದೇ ಇದೂ ಒಂದೇ.

'ನಮ್ಮ ಅಜ್ಜಿ ಸತ್ತಿಲ್ಲ. ಅವಳಿಗೆ ಕನ್ನಡಕವೂ ಇಲ್ಲ. ಸಾರ್ ವಾಕ್ಯ ಕೊಡು ಎಂದಾಗ ನನಗೆ ಕಿಟಕಿಯಲ್ಲಿ ಒಂದು ಕನ್ನಡಕ ಕಂಡಿತು, ಹೇಳಿದೆ. ಸಾರ್‌ಗೆ ತುಂಬಾ ಇಷ್ಟವಾಯಿತು. ಪ್ರಬಂಧ ಮುಗಿದ ಮೇಲೆ ಇದನ್ನೇ ಎಲ್ಲರೂ ಹತ್ತು ಸಲ ಬರೆದು ತನ್ನಿ ಎಂದರು. ಆಮೇಲೆ ತರಗತಿಯ ಬಾಗಿಲು ಹಾಕಿ ಒಬ್ಬೊಬ್ಬರ ಬಾಯಿಂದಲೂ ಒಪ್ಪಿಸಿಕೊಂಡರು. ತಪ್ಪಿದವರನ್ನು ನಿಲ್ಲಿಸಿದರು. ಯಾವ ವಿಷಯ ಬಂದರೂ ಇದನ್ನೇ ತಿರುಗಿಸಿ ಬರೆಯಬೇಕು ಎಂದರು. ಹೇಳುವಾಗ ಅವರ ಕೈಯಿಂದ ಸೀಮೆಸುಣ್ಣ ಎರಡು ಸಲ ಬಿತ್ತು. ಅವರಿಗೂ ನಮ್ಮಷ್ಟೇ ಭಯ ಇದೆ ಎಂದು ನನಗೆ ಅವತ್ತು ಗೊತ್ತಾಯಿತು. ನಾನು ಮನೆಯಲ್ಲಿ ಹತ್ತು ಸಲ ಬರೆಯುವಾಗ ಅಜ್ಜಿ ಪಕ್ಕದಲ್ಲೇ ಕೂತು ಬಟ್ಟೆ ಮಡಚುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲ. ಏನು ಬರೆಯುತ್ತಿದ್ದೀಯ ಎಂದು ಕೇಳಿದಳು. ನಿನ್ನ ಬಗ್ಗೆ ಎಂದೆ. ಅವಳಿಗೆ ಖುಷಿಯಾಯಿತು.'

ಇನ್ನೂ ಇದೆ, ಅಜ್ಜಿ ಯಾವ ಬಟ್ಟೆಯನ್ನು ಹೇಗೆ ಮಡಚುತ್ತಾಳೆ ಎಂದು ಒಂದು ಪುಟ. ಅದನ್ನು ನಕಲು ಮಾಡಲು ನನಗೆ ಕೈ ಓಡಲಿಲ್ಲ.

ನೀನು ನನಗೆ ಸುಳ್ಳು ಹೇಳಿದೆ. ನೇರವಾಗಿ ಕೇಳಿದ್ದೆ, ನೇರವಾಗಿ ಸುಳ್ಳು ಹೇಳಿದೆ. ನಾನೂ ಮಂಡಳಿಗೆ ಸಹಿ ಮಾಡಿಯೇ ಸುಳ್ಳು ಹೇಳಿದ್ದೇನೆ. ಒಂದೇ ಮನೆಯಲ್ಲಿ ಬೆಳೆದವರು ನಾವು.

ಮೂರು ದಿನ ಆ ಎರಡು ಹಾಳೆಗಳು ನನ್ನ ಸೀರೆಗಳ ಕೆಳಗೆ ಇದ್ದವು. ಅವನ್ನು ತೆಗೆದಿಟ್ಟು, ಅವಳ ಸಂಖ್ಯೆಯ ಮುಂದೆ 'ಬರೆದಿಲ್ಲ' ಎಂದು ಹಾಕಿದ್ದರೆ ಮೂವತ್ತು ಮಕ್ಕಳು ಉಳಿಯುತ್ತಿದ್ದರು. ನಿನ್ನ ಕೆಲಸ ಉಳಿಯುತ್ತಿತ್ತು, ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ಹೋಗುತ್ತಿದ್ದವಳು ಅವಳೊಬ್ಬಳು. ಇದನ್ನು ನಾನು ಯೋಚಿಸಲೇ ಇಲ್ಲ ಎಂದುಕೊಳ್ಳಬೇಡ. ಯೋಚಿಸಿದೆ, ಪೆನ್ನೂ ತೆಗೆದಿದ್ದೆ.

ಕೊನೆಗೆ ಹಾಳೆಗಳನ್ನು ಕಟ್ಟಿಗೆ ಸೇರಿಸಿ ಅವಳಿಗೆ ಹತ್ತೊಂಬತ್ತು ಕೊಟ್ಟೆ. ಪೂರ್ತಿ ಕೊಟ್ಟರೆ ಮಂಡಳಿಯವರು ನನ್ನ ತಲೆ ಸರಿಯಿಲ್ಲ ಅನ್ನುತ್ತಾರೆ. ಮಕ್ಕಳು ನಕಲು ಮಾಡಿಲ್ಲ, ಕಲಿಸಿದ್ದನ್ನು ಬರೆದಿದ್ದಾರೆ, ತಾವಾಗಿಯೂ ಬರೆಯಬಲ್ಲರು, ತಪ್ಪು ಅವರದಲ್ಲ ಎಂದು ಅಭಿಪ್ರಾಯ ಬರೆದೆ. ಅದೇ ಲಕೋಟೆಯಲ್ಲಿ ಇನ್ನೂ ಅರ್ಧ ಪುಟ ಇಟ್ಟೆ: ಈ ಮಕ್ಕಳ ಮೇಷ್ಟ್ರು ನನ್ನ ತಮ್ಮ, ತಿಳಿದೂ ಸಹಿ ಮಾಡಿದ್ದೇನೆ, ಮೌಲ್ಯಮಾಪನದ ವಿಷಯವನ್ನು ಹೊರಗೆ ಬರೆದಿದ್ದೇನೆ, ಎಲ್ಲವನ್ನೂ ಬೇರೆಯವರಿಂದ ಇನ್ನೊಮ್ಮೆ ಓದಿಸಿ. ಇವತ್ತು ಬೆಳಗ್ಗೆ ರಿಜಿಸ್ಟರ್ ಮಾಡಿ ಕಳಿಸಿ ಬಂದೆ. ನಿನ್ನ ಭಾವನಿಗೆ ಬಸ್‌ಸ್ಟಾಪಿನಲ್ಲಿ ಹೇಳಿದೆ.

ನಿನ್ನ ಮೇಲೆ ಸಿಟ್ಟಿದೆ. ಆದರೆ ಹದಿನಾರು ದಿನದಲ್ಲಿ ಆ ಹುಡುಗಿಯ ಕೈಯಲ್ಲಿ ಇದನ್ನು ಬರೆಸಿದವನೂ ನೀನೇ. ಅದನ್ನು ನಾನು ಮೂವತ್ತಾರು ವರ್ಷದಲ್ಲಿ ಎರಡು ಸಲ ಮಾಡಿದ್ದರೆ ಹೆಚ್ಚು.

ಅಕ್ಕ


ಜೂನ್ 24

ಅಕ್ಕಾ,

ಫಲಿತಾಂಶ ಬಂತು. ಇಪ್ಪತ್ತೆಂಟು ಮಕ್ಕಳು ಪಾಸು. ಮೂವರು ಗಣಿತದಲ್ಲಿ ಹೋದರು, ಅದಕ್ಕೆ ನೀನೂ ನಾನೂ ಹೊಣೆಯಲ್ಲ. ನಿನ್ನನ್ನು ಮೌಲ್ಯಮಾಪಕರ ಪಟ್ಟಿಯಿಂದ ತೆಗೆದರೆಂದೂ ಇಲಾಖೆಯ ವಿಚಾರಣೆ ಇದೆಯೆಂದೂ ಭಾವ ಬರೆದಿದ್ದಾರೆ. ನೀನು ಬರೆಯಲಿಲ್ಲ.

ನನ್ನ ಅಮಾನತಿನ ಆದೇಶ ಹದಿನೈದರಂದು ಬಂತು. ವಿಚಾರಣೆಯ ಅಧಿಕಾರಿ ಒಂದು ಬಿಳಿ ಹಾಳೆ ಕೊಟ್ಟು "ನಡೆದದ್ದನ್ನ ಬರೀರಿ" ಅಂದರು. 'ಮಕ್ಕಳ ಹಿತದೃಷ್ಟಿಯಿಂದ' ಎಂದು ಶುರು ಮಾಡಿದೆ. ಇದನ್ನು ಯಾವ ಮೇಷ್ಟ್ರು ಬೇಕಾದರೂ ಬರೆಯಬಹುದು ಅನ್ನಿಸಿ ಹೊಡೆದುಹಾಕಿದೆ. ಹಾಗೆ ನಾಲ್ಕು ಸಲ ಹೊಡೆದೆ. ಅಧಿಕಾರಿ ಗಡಿಯಾರ ನೋಡಿಕೊಂಡರು. ಕೊನೆಗೆ, ಹತ್ತು ಸಲ ಬರೆಸಿದೆ, ಬಾಗಿಲು ಹಾಕಿ ಒಪ್ಪಿಸಿಕೊಂಡೆ, ಇನ್ನೊಂದು ಸಲ ಹೆಡ್‌ಮಾಸ್ಟರ್ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿಬಿಡುತ್ತಾರೆ ಎಂಬ ಹೆದರಿಕೆಗೆ ಮಾಡಿದೆ, ಅಕ್ಕ ಕೇಳಿದಾಗ ಇಲ್ಲ ಎಂದೆ ಎಂದು ಬರೆದುಕೊಟ್ಟೆ. ಆರು ಸಾಲು ಆಯಿತು. ನನ್ನ ಸೀಮೆಸುಣ್ಣ ಬಿದ್ದದ್ದು ನನಗೆ ನೆನಪೇ ಇರಲಿಲ್ಲ ಅಕ್ಕಾ. ಅವಳು ನೋಡಿದ್ದಾಳೆ.

ಇವತ್ತು ಸಂಜೆ ಅವಳು ಮನೆಗೆ ಬಂದಿದ್ದಳು. ನಾಳಿದ್ದು ತರಬೇತಿಗೆ ಹೊರಡುತ್ತಾಳೆ. ಒಳಗೆ ಬಾ ಎಂದರೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತಳು. ನನ್ನ ಅಮಾನತಿನ ವಿಷಯ ಶಾಲೆಯಲ್ಲಿ ಯಾರೋ ಹೇಳಿದ್ದಾರೆ.

"ನಾನ್ ಬರ್ದಿದ್ದಕ್ಕೇನಾ ಸಾರ್, ನಿಮ್ಮನ್ನ ತೆಗೆದಿದ್ದು?"

ಅಲ್ಲ ಎನ್ನುವುದು ಎಷ್ಟು ಸುಲಭವಿತ್ತು. ನನ್ನ ಹೆಂಡತಿ ಹಿಂದೆ ನಿಂತು ಅದನ್ನೇ ಹೇಳಿ ಎಂದು ಕಣ್ಣಿನಲ್ಲಿ ಸನ್ನೆ ಮಾಡುತ್ತಿದ್ದಳು.

"ಹೌದಮ್ಮ" ಎಂದೆ. "ನಾನ್ ಮಾಡಿದ್ದನ್ನ ನೀನು ಬರ್ದೆ. ಅದಕ್ಕೆ."

ಅವಳು ಒಂದು ಮೆಟ್ಟಿಲು ಕೆಳಗಿಳಿದಳು. "ಹಂಗಾದ್ರೆ ನಾನು ಬರೀಬಾರ್ದಿತ್ತಾ ಸಾರ್?"

ಕೆಲಸ ಹೋಗಿದೆ, ನಿನ್ನ ಮರ್ಯಾದೆ ಹೋಗಿದೆ, ಅವಳು ನಾಳಿದ್ದು ಹೋಗುತ್ತಾಳೆ. ಅವಳು ಕಾದಳು. ನನ್ನ ತರಗತಿಯಲ್ಲಿ ನಾನು ಯಾವತ್ತೂ ಯಾರಿಗಾಗಿಯೂ ಅಷ್ಟು ಹೊತ್ತು ಕಾದಿಲ್ಲ.

"ಬರೀಬೇಕಿತ್ತು" ಎಂದೆ.

ತಮ್ಮ